ಚೀಟಿಯಿಲ್ಲದ ಮದ್ದು, ಲೆಕ್ಕಕ್ಕಿಲ್ಲದ ಕೆಮ್ಮು

ಡೊಂಬಿವಲಿ ಪೂರ್ವದ ಎಂಐಡಿಸಿಯಲ್ಲಿ ಸಂಜೆಯ ಪಾಳಿ ಬದಲಾಗುವ ಹೊತ್ತಿಗೆ ಔಷಧದ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಸಾಲಿನಲ್ಲಿ ನಿಂತವರು ಹೆಚ್ಚು ಮಾತನಾಡುವುದಿಲ್ಲ. ‘ಸರ್ದಿ’, ‘ಖೋಕ್ಲಾ’, ‘ಬುಖಾರ್’, ‘ಆಸಿಡಿಟಿ’ ಎಂಬ ನಾಲ್ಕು ಪದಗಳಲ್ಲಿ ಬಹುಪಾಲು ವ್ಯವಹಾರ ಮುಗಿಯುತ್ತದೆ. ಕೌಂಟರಿನ ಹುಡುಗ ಕತ್ತರಿ ಹಿಡಿದು ಒಂದು ಸ್ಟ್ರಿಪ್ಪಿನಿಂದ ಎರಡು, ಇನ್ನೊಂದರಿಂದ ನಾಲ್ಕು ಗುಳಿಗೆ ಕತ್ತರಿಸಿ ಸಣ್ಣ ಕಾಗದದ ಚೀಲಕ್ಕೆ ಹಾಕಿ ‘ಸುಬಹ್ ಶಾಮ್’ ಎನ್ನುತ್ತಾನೆ. ಕತ್ತರಿಸಿದ ತುಂಡಿನ ಮೇಲೆ ಔಷಧದ ಅರ್ಧ ಹೆಸರು ಉಳಿದಿರುತ್ತದೆ. ಅವಧಿ ಮುಗಿಯುವ ತಿಂಗಳು ಅಂಗಡಿಯಲ್ಲೇ ಉಳಿದ ತುಂಡಿನ ಪಾಲಾಗಿರುತ್ತದೆ. ಬಿಲ್ಲನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಕೊಂಡವನು ಕಲಬುರ್ಗಿಯ ಕಡೆಯ ಗಾರೆ ಕೆಲಸದವನಿರಬಹುದು, ಕುಂದಾಪುರದ ಕಡೆಯ ಹೋಟೆಲಿನ ಮಾಣಿಯಿರಬಹುದು, ಉತ್ತರ ಪ್ರದೇಶದ ಬಾಯ್ಲರ್ ಕಾರ್ಮಿಕನಿರಬಹುದು. ಅರ್ಧ ನಿಮಿಷದಲ್ಲಿ ಅವನು ರೋಗಿಯೂ ಆಗಿ, ತನಗೆ ತಾನೇ ವೈದ್ಯನೂ ಆಗಿ, ರಿಕ್ಷಾ ಹಿಡಿದು ಮನೆಗೆ ಹೋಗಿರುತ್ತಾನೆ.

ಈ ದೃಶ್ಯವನ್ನು ಕಂಡ ಸುಶಿಕ್ಷಿತರು ಸಾಮಾನ್ಯವಾಗಿ ‘ಅಜ್ಞಾನ’ ಎಂಬ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಅದು ನ್ಯಾಯದ ತೀರ್ಪಲ್ಲ. ಕೌಂಟರಿನ ಮುಂದೆ ನಿಂತವನು ಅಜ್ಞಾನಿಯಲ್ಲ, ಲೆಕ್ಕ ಬಲ್ಲವನು. ಸಂಘಟಿತ ಕಾರ್ಖಾನೆಯ ಕಾರ್ಮಿಕನಿಗೆ ಇಎಸ್‌ಐ ರಕ್ಷಣೆಯುಂಟು. 2019ರ ಜುಲೈನಿಂದ ಅವನ ವೇತನದ ಶೇ. 0.75, ಮಾಲೀಕನಿಂದ ಶೇ. 3.25 ಆ ನಿಧಿಗೆ ಸಂದಾಯವಾಗುತ್ತ ಬಂದಿದೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಸಿಗಬೇಕು. ಕೇಳಲು ಉದಾರವಾದ ವ್ಯವಸ್ಥೆ. ಆದರೆ 1948ರ ಇಎಸ್‌ಐ ಕಾಯ್ದೆಯ 49ನೆಯ ಕಲಮಿನಲ್ಲಿ ಒಂದು ಸಣ್ಣ ಷರತ್ತನ್ನು ಇಟ್ಟರು: ಕಾಯಿಲೆಯ ಮೊದಲ ಎರಡು ದಿನಗಳಿಗೆ ಪರಿಹಾರವಿಲ್ಲ. ಹದಿನೈದು ದಿನಗಳೊಳಗೆ ಅದೇ ಕಾರ್ಮಿಕ ಮತ್ತೆ ಹಾಸಿಗೆ ಹಿಡಿದರೆ ಮಾತ್ರ ಆ ಷರತ್ತು ಸಡಿಲವಾಗುತ್ತದೆ. ಶೀತ, ಜ್ವರ, ಹೊಟ್ಟೆಯುರಿ, ಬೆನ್ನುನೋವು – ದಿನನಿತ್ಯದ ಕಾಯಿಲೆಗಳೆಲ್ಲ ಬಹುಮಟ್ಟಿಗೆ ಎರಡು ದಿನದವು. ಅಂದರೆ ಯಾವ ಕಾಯಿಲೆಗೆ ಮನುಷ್ಯ ಅತಿ ಹೆಚ್ಚು ಬಾರಿ ಈಡಾಗುತ್ತಾನೋ ಆ ಕಾಯಿಲೆಗೇ ಕಾಯ್ದೆಯಿಂದ ಬಿಡಿಗಾಸು ಹುಟ್ಟದು. ಡಿಸ್ಪೆನ್ಸರಿಯ ಸಾಲಿನಲ್ಲಿ ಅರ್ಧ ದಿನ ನಿಂತರೆ ಆ ದಿನದ ಕೂಲಿ ಹೋಯಿತು. ಕೌಂಟರಿನಲ್ಲಿ ನಾಲ್ಕು ಗುಳಿಗೆ ಕೊಂಡರೆ ಒಂದು ಊಟದ ಬೆಲೆ ಹೋಯಿತು. ಗುತ್ತಿಗೆದಾರನ ಕೈಕೆಳಗಿನವನಿಗಂತೂ ಎಷ್ಟೋ ಬಾರಿ ಇಎಸ್‌ಐ ಎಂಬ ಹೆಸರೇ ಪರಿಚಯವಿಲ್ಲ. ಆತನಿಗೆ ಔಷಧಾಲಯದ ದಾರಿ ತೋರಿಸಿದ್ದು ಅಜ್ಞಾನವಲ್ಲ, ವ್ಯವಸ್ಥೆಯೇ.

ಔಷಧಗಳ ಕುರಿತ ಕಾನೂನನ್ನು ಬಿಡಿಸಿ ನೋಡಿದರೆ ಅಚ್ಚರಿ ಇನ್ನೂ ಹೆಚ್ಚುತ್ತದೆ. ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿ 1931ರಲ್ಲಿ ವರದಿ ಕೊಟ್ಟ ಮೇಲೆ 1940ರಲ್ಲಿ ಔಷಧ ಕಾಯ್ದೆ ಬಂದಿತು, 1945ರಲ್ಲಿ ಅದರ ನಿಯಮಗಳು ಬಂದವು. ಆ ನಿಯಮಗಳಲ್ಲಿ ಶೆಡ್ಯೂಲ್ ಎಚ್ ಎಂಬ ಪಟ್ಟಿಯುಂಟು. ಅದರಲ್ಲಿರುವ ಔಷಧವನ್ನು ನೋಂದಾಯಿತ ವೈದ್ಯನ ಚೀಟಿಯಿಲ್ಲದೆ ಮಾರುವಂತಿಲ್ಲ. ಪ್ರಬಲ ಪ್ರತಿಜೀವಕಗಳು, ಕ್ಷಯದ ಔಷಧಗಳು, ಚಟ ಹಿಡಿಸುವ ಗುಳಿಗೆಗಳು ಮುಂತಾದ 46 ಔಷಧಗಳಿಗೆಂದು 2014ರ ಮಾರ್ಚ್ 1ರಿಂದ ಎಚ್1 ಎಂಬ ಇನ್ನೊಂದು ಬಿಗಿಯಾದ ಪಟ್ಟಿ ಜಾರಿಗೆ ಬಂದಿತು. ಅವನ್ನು ಮಾರಿದರೆ ವೈದ್ಯನ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಇಷ್ಟೆಲ್ಲ ಪಟ್ಟಿಗಳಿರುವ ದೇಶದಲ್ಲಿ ‘ಇದನ್ನು ಚೀಟಿಯಿಲ್ಲದೆ ಕೊಳ್ಳಬಹುದು’ ಎಂದು ನೇರವಾಗಿ ಹೇಳುವ ಪಟ್ಟಿ ಮಾತ್ರ ಇಲ್ಲ. ಎಚ್, ಎಚ್1, ಎಕ್ಸ್ ಪಟ್ಟಿಗಳಲ್ಲಿ ಯಾವುದು ಇಲ್ಲವೋ ಅದು ಮುಕ್ತ ಎಂದು ಊಹಿಸಿಕೊಳ್ಳಬೇಕು, ಅಷ್ಟೆ. ಶೆಡ್ಯೂಲ್ ಕೆ ಎಂಬಲ್ಲಿ ಒಂದು ವಿನಾಯಿತಿಯುಂಟು: ಸಾವಿರಕ್ಕಿಂತ ಹೆಚ್ಚು ಜನರಿಲ್ಲದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ನೋವಿನ ಮುಲಾಮು, ಗ್ರೈಪ್ ವಾಟರ್, ಹರಳೆಣ್ಣೆಯಂತಹ ಮನೆಮದ್ದುಗಳನ್ನು ಪರವಾನಗಿಯಿಲ್ಲದೆಯೂ ಮಾರಬಹುದು. ಸಾವಿರ ಜನರ ಹಳ್ಳಿಯ ಬಗೆಗೆ ಯೋಚಿಸಿದ ಕಾನೂನು ಲಕ್ಷಾಂತರ ಜನರು ಕೌಂಟರನ್ನೇ ಆಸ್ಪತ್ರೆ ಮಾಡಿಕೊಂಡ ಕಲ್ಯಾಣ–ಡೊಂಬಿವಲಿಯಂತಹ ನಗರದ ಬಗೆಗೆ ಮೌನವಾಗಿದೆ.

2022ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಕರಡು ಅಧಿಸೂಚನೆ ಹೊರಡಿಸಿತು. ಪ್ಯಾರಾಸಿಟಮಾಲ್, ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್, ಚರ್ಮದ ಶಿಲೀಂಧ್ರಕ್ಕೆ ಕ್ಲೊಟ್ರಿಮಜೋಲ್, ನೋವಿಗೆ ಹಚ್ಚುವ ಡೈಕ್ಲೊಫೆನಾಕ್ ಮುಂತಾದ ಹದಿನಾರು ಔಷಧಗಳನ್ನು ಚೀಟಿಯಿಲ್ಲದೆ ಮಾರಲು ಅನುಮತಿ. ಆದರೆ ಐದು ದಿನಕ್ಕಿಂತ ಹೆಚ್ಚಿನ ಚಿಕಿತ್ಸೆಗೆ ಸಾಲುವಷ್ಟು ಕೊಡಬಾರದು, ಗುಣವಾಗದಿದ್ದರೆ ವೈದ್ಯರ ಬಳಿ ಹೋಗಬೇಕು ಎಂಬ ಷರತ್ತು. ಅದು ವಿವೇಕದ ಕರಡಾಗಿತ್ತು. 2024ರಲ್ಲಿಯೂ ಆ ವಿಷಯ ಸಮಿತಿಗಳ ಮೇಜಿನ ಮೇಲೆಯೇ ಇತ್ತು. ಇದೇ ಅವಧಿಯಲ್ಲಿ 2023ರ ಜನವಿಶ್ವಾಸ ಕಾಯ್ದೆ ಮಾತ್ರ ಸಂಸತ್ತಿನಲ್ಲಿ ಸರಾಗವಾಗಿ ಪಾಸಾಯಿತು. ಔಷಧ ಕಾಯ್ದೆಯ 27(ಡಿ) ಕಲಮಿನಡಿಯ ಅಪರಾಧಗಳನ್ನು ದಂಡ ಕಟ್ಟಿ ರಾಜಿ ಮಾಡಿಕೊಳ್ಳುವ ಬಾಗಿಲು ತೆರೆಯಿತು. ತಯಾರಕನಿಗೆ ಬೇಕಾದ ಸಡಿಲಿಕೆಗೆ ಸರ್ಕಾರದ ಬಳಿ ಸಮಯವಿತ್ತು. ಕೊಳ್ಳುವವನಿಗೆ ಬೇಕಾದ ಸ್ಪಷ್ಟತೆಗೆ ಇರಲಿಲ್ಲ.

ಸ್ಪಷ್ಟತೆಯಿಲ್ಲದ ಕಾನೂನಿನ ದುಷ್ಪರಿಣಾಮವೇನೆಂದರೆ ಅಪಾಯದ ತರತಮ ಅಳಿಸಿಹೋಗುತ್ತದೆ. ಹೊಟ್ಟೆಯುರಿಗೆಂದು ನಿತ್ಯ ಕೊಳ್ಳುವ ಪ್ಯಾಂಟೊಪ್ರಜೋಲ್ ಗುಳಿಗೆಯೂ ಎಚ್ ಪಟ್ಟಿಯದೇ, ಅಜಿತ್ರೊಮೈಸಿನ್ ಕೂಡ ಚೀಟಿಯ ಔಷಧವೇ. ಎರಡೂ ಚೀಟಿಯಿಲ್ಲದೆ ಸಿಗುತ್ತವೆ. ಎರಡರ ಸ್ಟ್ರಿಪ್ಪಿನ ಮೇಲೂ ಎಚ್ಚರಿಕೆಯ ಸಾಲು ಇಂಗ್ಲಿಷಿನಲ್ಲಿ, ಇರುವೆಯ ಗಾತ್ರದ ಅಕ್ಷರಗಳಲ್ಲಿ. 2016ರಲ್ಲಿ ಸರ್ಕಾರ ‘ಕೆಂಪು ಗೆರೆ’ಯ ಪ್ರಚಾರ ಕೈಗೊಂಡಿತ್ತು: ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯರ ಸಲಹೆಯಿಲ್ಲದೆ ಸೇವಿಸಬೇಡಿ ಎಂದು. ಕೆಂಪು ಗೆರೆ ಇಂದಿಗೂ ಇದೆ. ಎಲ್ಲ ಸ್ಟ್ರಿಪ್ಪುಗಳ ಮೇಲೂ ಕಂಡು ಕಂಡು ಕಣ್ಣಿಗೆ ಅದು ಅಲಂಕಾರದ ಗೆರೆಯಾಗಿಬಿಟ್ಟಿದೆ.

ಪ್ಯಾರಾಸಿಟಮಾಲ್ ತಕ್ಕ ಪ್ರಮಾಣದಲ್ಲಿ ನಿರುಪದ್ರವಿ. ಆದರೆ ಆರೋಗ್ಯವಂತ ವಯಸ್ಕನಿಗೂ ದಿನಕ್ಕೆ ನಾಲ್ಕು ಗ್ರಾಂ ಎಂಬುದು ಮೀರಬಾರದ ಗಡಿ. ಜ್ವರದ ಗುಳಿಗೆ ಒಂದು, ಶೀತದ ಗುಳಿಗೆ ಇನ್ನೊಂದು, ಮೈಕೈ ನೋವಿನದು ಮತ್ತೊಂದು ಎಂದು ಮೂರು ಹೆಸರಿನಲ್ಲಿ ಕೊಂಡವನಿಗೆ ಮೂರರೊಳಗೂ ಅದೇ ಪ್ಯಾರಾಸಿಟಮಾಲ್ ಅಡಗಿದೆಯೆಂದು ಯಾರು ಹೇಳಬೇಕು? ಮದ್ಯದ ಚಟವೂ ಇದ್ದರೆ ಯಕೃತ್ತಿಗೆ ಅಪಾಯ ಇನ್ನೂ ಹತ್ತಿರ. ಬ್ರಿಟನ್ನಿನಲ್ಲಿ ಪ್ಯಾರಾಸಿಟಮಾಲನ್ನು ಕಿರಾಣಿ ಅಂಗಡಿಯಲ್ಲೂ ಕೊಳ್ಳಬಹುದು. ಆದರೆ 1998ರಲ್ಲಿ ಅಲ್ಲಿ ಪೊಟ್ಟಣದ ಗಾತ್ರಕ್ಕೆ ಮಿತಿ ಹಾಕಿದರು – ಸಾಮಾನ್ಯ ಅಂಗಡಿಯಲ್ಲಿ ಹದಿನಾರು, ಔಷಧಾಲಯದಲ್ಲಿ ಮೂವತ್ತೆರಡು. ಆ ಸರಳ ಮಿತಿಯಿಂದ ಅತಿ ಸೇವನೆಯ ಸಾವುಗಳು ಇಳಿದವು. ಮಾರಾಟದ ಸ್ವಾತಂತ್ರ್ಯವೂ ಮಿತಿಯೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಳೆಗಾಲದ ಜ್ವರದ ಮಾತು ಬೇರೆ. ಠಾಣೆ ಜಿಲ್ಲೆಯಲ್ಲಿ ಜುಲೈ–ಸೆಪ್ಟೆಂಬರಿನ ಜ್ವರ ಡೆಂಗಿಯೂ ಆಗಿರಬಹುದು, ಇಲಿಜ್ವರವೂ ಆಗಿರಬಹುದು. ಡೆಂಗಿಯಲ್ಲಿ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವಕ್ಕೆ ದಾರಿ. ಇಲಿಜ್ವರವನ್ನು ಜ್ವರದ ಗುಳಿಗೆಯಿಂದ ಮೂರು ದಿನ ಮುಚ್ಚಿಟ್ಟರೆ ನಾಲ್ಕನೆಯ ದಿನ ಮೂತ್ರಪಿಂಡ ಮಾತನಾಡತೊಡಗುತ್ತದೆ.

ಇವೆಲ್ಲಕ್ಕಿಂತ ಕಡಿಮೆ ಚರ್ಚೆಗೆ ಬಂದಿರುವುದು ಚರ್ಮದ ಮುಲಾಮು. ಬೆವರು, ಉಬ್ಬೆ, ದಿನವಿಡೀ ಕಳಚಲಾಗದ ದಪ್ಪ ಸಮವಸ್ತ್ರ, ಹತ್ತು ಜನ ಮಲಗುವ ಒಂದು ಖೋಲಿ – ಗಜಕರ್ಣಕ್ಕೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ. ತೊಡೆಸಂದಿಯ ತುರಿಕೆಯನ್ನು ವೈದ್ಯನಿಗೆ ತೋರಿಸಲು ನಾಚಿಕೆ. ಕೌಂಟರಿನಲ್ಲಿ ಕೇಳಿದರೆ ಸಿಗುವುದು ಶಿಲೀಂಧ್ರನಾಶಕ, ಪ್ರತಿಜೀವಕ, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಅಗ್ಗದ ಟ್ಯೂಬು. ಸ್ಟೀರಾಯ್ಡಿನಿಂದ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಮಾಸುತ್ತದೆ, ಗುಣವಾಯಿತೆಂದು ಟ್ಯೂಬು ಮೂಲೆ ಸೇರುತ್ತದೆ. ಶಿಲೀಂಧ್ರ ಮಾತ್ರ ಒಳಗೇ ಹಬ್ಬುತ್ತಿರುತ್ತದೆ. ವಾರ ಕಳೆದು ಇಮ್ಮಡಿಯಾಗಿ ಮರಳುತ್ತದೆ. ಮತ್ತೆ ಅದೇ ಟ್ಯೂಬು. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ಕಾಗದದಂತೆ ತೆಳುವಾಗಿ ಬಿರಿಯುತ್ತದೆ. ಆಗ ವೈದ್ಯನಿಗೂ ರೋಗದ ಮೂಲರೂಪ ಗುರುತು ಸಿಗದು. ಹಚ್ಚುವ ಸ್ಟೀರಾಯ್ಡುಗಳಿಗೆ ಶೆಡ್ಯೂಲ್ ಎಚ್‌ನಲ್ಲಿ ಬಹುಕಾಲ ವಿನಾಯಿತಿಯೇ ಇತ್ತು. ಚರ್ಮವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ 2018ರ ಮಾರ್ಚಿನಲ್ಲಿ ಹದಿನಾಲ್ಕು ಸ್ಟೀರಾಯ್ಡುಗಳ ಮುಲಾಮುಗಳನ್ನು ಚೀಟಿಯ ಪಟ್ಟಿಗೆ ಸೇರಿಸಿದರು. ಅಷ್ಟರಲ್ಲಿ ಸಾಮಾನ್ಯ ಔಷಧಕ್ಕೆ ಬಗ್ಗದ ಹೊಸ ಬಗೆಯ ಗಜಕರ್ಣವೊಂದು ದೇಶದಲ್ಲಿ ಬೇರೂರಿಯಾಗಿತ್ತು. 2020ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ‘ಟ್ರೈಕೊಫೈಟನ್ ಇಂಡೊಟಿನಿಯೆ’ ಎಂದು ನಾಮಕರಣ ಮಾಡಿದರು. ಹೆಸರಿನೊಳಗೇ ಇಂಡಿಯಾ ಇದೆ. ಹತ್ತು ವರ್ಷ ಮೊದಲು ಪ್ರತಿಜೀವಕಗಳಿಗೆ ಜಗ್ಗದ ಬ್ಯಾಕ್ಟೀರಿಯಾದ ಕಿಣ್ವವೊಂದಕ್ಕೆ ‘ನ್ಯೂಡೆಲ್ಲಿ’ ಎಂದು ಹೆಸರು ಬಿದ್ದಾಗ ದೇಶದ ಮಾನದ ಪ್ರಶ್ನೆಯೆಂದು ಸಂಸತ್ತಿನಲ್ಲಿ ಗದ್ದಲವಾಗಿತ್ತು. ಈ ಗಜಕರ್ಣದ ಹೆಸರಿಗೆ ಯಾರೂ ಸಿಟ್ಟಾಗಲಿಲ್ಲ. ತುರಿಸಿಕೊಳ್ಳುವವರು ಬಡವರಾದ್ದರಿಂದಲೋ ಏನೋ.

ಇನ್ನು ಕೆಮ್ಮು. ಡೊಂಬಿವಲಿಯ ಮಟ್ಟಿಗೆ ಇದು ಕೇವಲ ವೈದ್ಯಕೀಯ ವಿಷಯವಲ್ಲ, ಅಪ್ಪಟ ರಾಜಕೀಯ ವಿಷಯ. ಈ ಎಂಐಡಿಸಿಯಲ್ಲಿ ಬಣ್ಣ, ರಾಸಾಯನಿಕ, ಔಷಧದ ಮೂಲದ್ರವ್ಯಗಳ ಕಾರ್ಖಾನೆಗಳು ವಸತಿ ಬಡಾವಣೆಗಳ ಮಗ್ಗುಲಲ್ಲೇ ಇವೆ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಸುರಿದು ಊರು ಬೆರಗಾಗಿತ್ತು. 2020ರ ಫೆಬ್ರವರಿಯಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿ, ಮುಖ್ಯಮಂತ್ರಿಯಾಗಿದ್ದ ಉದ್ಧವ್ ಠಾಕ್ರೆಯವರು ಸ್ವತಃ ಬಂದು ನೋಡಿ ಹೋದರು. 2016ರ ಮೇ 26ರಂದು ಪ್ರೋಬೇಸ್ ಕಾರ್ಖಾನೆಯ ಸ್ಫೋಟದಲ್ಲಿ ಹನ್ನೆರಡು ಜನ ಸತ್ತರು. ಎಂಟು ವರ್ಷಗಳ ನಂತರ, 2024ರ ಮೇ 23ರಂದು, ಅಮುದಾನ್ ಕೆಮಿಕಲ್ಸ್‌ನಲ್ಲಿ ಮತ್ತೊಂದು ಸ್ಫೋಟ. ಹತ್ತಕ್ಕೂ ಹೆಚ್ಚು ಸಾವು. ಪ್ರತಿ ಸ್ಫೋಟದ ಮರುದಿನ ಅಪಾಯಕಾರಿ ಘಟಕಗಳನ್ನು ಬೇರೆಡೆಗೆ ಸಾಗಿಸುವ ಮಾತು ಏಳುತ್ತದೆ, ಪಾತಾಳಗಂಗೆಯ ಹೆಸರು ಕೇಳಿಬರುತ್ತದೆ, ಮಳೆಗಾಲದೊಂದಿಗೆ ಆ ಮಾತೂ ಕೊಚ್ಚಿಹೋಗುತ್ತದೆ.

ಸ್ಫೋಟಕ್ಕೆ ಸದ್ದುಂಟು, ಗುಲಾಬಿ ರಸ್ತೆಗೆ ಬಣ್ಣವುಂಟು. ಆದ್ದರಿಂದ ಅವು ಸುದ್ದಿಯಾಗುತ್ತವೆ. ರಾತ್ರಿ ಹತ್ತರ ಮೇಲೆ ಕಿಟಕಿಯೊಳಗೆ ನುಗ್ಗುವ ಕಟುವಾಸನೆಗೆ ಸದ್ದೂ ಇಲ್ಲ, ಬಣ್ಣವೂ ಇಲ್ಲ. ಅದರ ಏಕೈಕ ಗುರುತು ಜನರ ಗಂಟಲಿನಲ್ಲಿದೆ. ಆ ಗುರುತನ್ನು ಲೆಕ್ಕವಿಡುವ ಪುಸ್ತಕ ಯಾವುದು? ಕೆಮ್ಮಿದವನು ಪಾಲಿಕೆಯ ಶಾಸ್ತ್ರಿನಗರ ಆಸ್ಪತ್ರೆಗೋ ಇಎಸ್‌ಐ ಡಿಸ್ಪೆನ್ಸರಿಗೋ ಹೋಗಿದ್ದರೆ ಹೊರರೋಗಿಗಳ ರಿಜಿಸ್ಟರಿನಲ್ಲಿ ಒಂದು ಸಾಲು ಏರುತ್ತಿತ್ತು. ನೂರು ಸಾಲುಗಳಾದರೆ ಯಾವ ಬಡಾವಣೆ, ಯಾವ ತಿಂಗಳು, ಯಾವ ವಯಸ್ಸು ಎಂದು ಒಬ್ಬ ವೈದ್ಯಾಧಿಕಾರಿ ಕೇಳಬಹುದಿತ್ತು; ಮಾಲಿನ್ಯ ನಿಯಂತ್ರಣ ಮಂಡಳಿಯ ಮುಂದೆ, ಹಸಿರು ನ್ಯಾಯಮಂಡಳಿಯ ಮುಂದೆ ಅದು ಸಾಕ್ಷ್ಯವಾಗುತ್ತಿತ್ತು. ಸಿರಪ್ಪಿನ ಬಾಟಲಿಗೆ ಆ ಶಕ್ತಿಯಿಲ್ಲ. ಕೌಂಟರಿನಲ್ಲಿ ಬಿಲ್ಲಿಲ್ಲದೆ ಮಾರಾಟವಾದ ಪ್ರತಿ ಬಾಟಲಿಯೊಂದಿಗೆ ಒಂದು ದೂರು ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಕಾರ್ಖಾನೆಯ ಹೊಗೆಗೆ ತೆರಬೇಕಾದ ದಂಡವನ್ನು ಕೆಮ್ಮುವವನೇ ತನ್ನ ಜೇಬಿನಿಂದ, ಕಂತುಕಂತಾಗಿ, ಔಷಧದಂಗಡಿಗೆ ತೆರುತ್ತಿದ್ದಾನೆ. ಸ್ವಯಂ ಔಷಧಿಯ ಅಪಾಯವೆಂದರೆ ಅಡ್ಡಪರಿಣಾಮಗಳಷ್ಟೇ ಎಂದು ತಿಳಿದವರು ಈ ಎರಡನೆಯ ನಷ್ಟವನ್ನು ಗಮನಿಸಿಲ್ಲ. ಇಡೀ ಊರಿನ ಕಾಯಿಲೆ ಒಬ್ಬೊಬ್ಬನ ಖಾಸಗಿ ವಿಷಯವಾಗಿ ಚೂರಾಗಿಬಿಡುತ್ತದೆ.

ಹಾಗೆಂದು ಚೀಟಿಯೊಂದಿದ್ದರೆ ಎಲ್ಲವೂ ಸರಿಯಾದೀತೆಂಬ ಭ್ರಮೆಯೂ ಬೇಡ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಹದಿನಾಲ್ಕು ರೋಗಿಗಳು ಸತ್ತದ್ದು ಆಸ್ಪತ್ರೆಯೇ ಕೊಟ್ಟ ಗ್ಲಿಸರಾಲ್‌ನಿಂದ. ಅದರಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷ ಬೆರೆತಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಖರೀದಿಯಿಂದ ಮಂತ್ರಿಯ ಕೋಣೆಯವರೆಗಿನ ಕೊಳೆಯನ್ನು ಬಯಲಿಗೆಳೆಯಿತು. ನಲವತ್ತು ವರ್ಷಗಳಾಗುತ್ತ ಬಂದರೂ ಅದೇ ವಿಷ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ಪಿನೊಳಗೆ ಮರಳಿ ಬಂದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಂಡಿತು. ಆ ಮಕ್ಕಳ ಪೈಕಿ ಅನೇಕರಿಗೆ ಸಿರಪ್ಪನ್ನು ವೈದ್ಯರೇ ಬರೆದುಕೊಟ್ಟಿದ್ದರು. ಚೀಟಿಯಿಂದ ಔಷಧ ಶುದ್ಧವಾಗುವುದಿಲ್ಲ. ಆದರೂ ಚೀಟಿಯಿದ್ದುದರಿಂದಲೇ ಸಾವುಗಳ ಜಾಡು ಹಿಡಿದು ಒಂದು ಕಾರ್ಖಾನೆಯ ಒಂದು ಬ್ಯಾಚಿನವರೆಗೆ ತಲುಪುವುದು ಸುಲಭವಾಯಿತು ಎಂಬುದನ್ನೂ ಮರೆಯುವಂತಿಲ್ಲ. ಕತ್ತರಿಸಿ ಕೊಟ್ಟ ಅರ್ಧ ಸ್ಟ್ರಿಪ್ಪಿನಲ್ಲಿ ಬ್ಯಾಚಿನ ಸಂಖ್ಯೆಯೇ ಇರುವುದಿಲ್ಲ.

ಜೈನ ಸಮಾಜ ಈ ಪ್ರಶ್ನೆಯನ್ನು ದೂರ ನಿಂತು ನೋಡುವಂತಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವಿತ್ತ ಪರಂಪರೆಯಿದು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಇಡೀ ವೈದ್ಯಶಾಸ್ತ್ರ ನಿರೂಪಿತವಾಗಿದೆ, ಕೊನೆಯ ಹಿತಾಹಿತಾಧ್ಯಾಯವಂತೂ ಮಾಂಸೌಷಧದ ನೇರ ಖಂಡನೆ. ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ; ಕೀರ್ತಿವರ್ಮ ‘ಗೋವೈದ್ಯ’ ಬರೆದ; ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಗಳ ಚಿಕಿತ್ಸೆಯನ್ನು ಕನ್ನಡಿಗರ ಕೈಗಿತ್ತ. ಔಷಧ ಜ್ಞಾನವನ್ನು ಜನರ ಭಾಷೆಗೆ ಇಳಿಸುವುದು ಆ ಲೇಖಕರಿಗೆ ಧರ್ಮಕಾರ್ಯವಾಗಿತ್ತು. ಉಗ್ರಾದಿತ್ಯರ ಗ್ರಂಥವನ್ನು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸೋಲಾಪುರದಿಂದ ಪ್ರಕಟಿಸಿದ್ದು 1940ರಲ್ಲಿ, ಅಂದರೆ ಔಷಧ ಕಾಯ್ದೆ ಬಂದ ವರ್ಷದಲ್ಲೇ. ಎರಡಕ್ಕೂ ಸಂಬಂಧವಿಲ್ಲ. ಆದರೆ ಅಂದಿನ ವೈದ್ಯ ಹಳೆಗನ್ನಡದಲ್ಲಿ ತಿಳಿಯಹೇಳಿದ್ದನ್ನು ಇಂದಿನ ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಓದಲಾಗದು ಎಂಬುದು ಸಂಬಂಧಪಟ್ಟ ಸಂಗತಿಯೇ.

ಇಂದಿನ ಔಷಧದಾನದ ಸ್ಥಿತಿ ಹೇಗಿದೆ? ಮಹಾವೀರ ಜಯಂತಿಗೋ ಮುನಿಗಳ ಚಾತುರ್ಮಾಸದ ನಿಮಿತ್ತಕ್ಕೋ ಶಿಬಿರ ಏರ್ಪಡುತ್ತದೆ. ಒಂದು ಬೆಳಗಿನಲ್ಲಿ ಇನ್ನೂರು ಮುನ್ನೂರು ಜನ. ಒಬ್ಬೊಬ್ಬರಿಗೆ ಎರಡು ನಿಮಿಷ. ಕೊನೆಯಲ್ಲಿ ಕೈಗೊಂದು ಚೀಲ. ಅದರಲ್ಲಿ ಔಷಧ ಪ್ರತಿನಿಧಿಗಳು ಕೊಟ್ಟ ಮಾದರಿ ಗುಳಿಗೆಗಳು, ಮನೆಮನೆಗಳಿಂದ ಒಟ್ಟುಗೂಡಿಸಿದ ಅರ್ಧ ಉಳಿದ ಸ್ಟ್ರಿಪ್ಪುಗಳು, ಮೂರೇ ದಿನಕ್ಕಾಗುವ ಪ್ರತಿಜೀವಕ. ಉಳಿದ ಗುಳಿಗೆಯನ್ನು ಬಡವನಿಗೆ ಕೊಟ್ಟರೆ ಪುಣ್ಯ ಎಂಬ ಭಾವನೆ ಸಾತ್ವಿಕವಾದದ್ದೇ. ಆದರೆ ಅಪೂರ್ಣ ಪ್ರಮಾಣದ ಪ್ರತಿಜೀವಕ ದಾನವಲ್ಲ; ಬಲಿತ ರೋಗಾಣುವನ್ನು ಅವನ ಮನೆಗೆ ಕಳಿಸಿದಂತೆ. ತನ್ನ ಮಗುವಿಗೆ ಕೊಡಲು ಹಿಂಜರಿಯುವ ಸ್ಟ್ರಿಪ್ಪು ಅನ್ಯರ ಮಗುವಿಗೆ ಹೇಗೆ ದಾನವಾದೀತು?

ಇನ್ನೊಂದು ವಿಪರ್ಯಾಸವುಂಟು. ಶ್ರಾವಕರ ಮನೆಯವರು ಔಷಧದಂಗಡಿಯಲ್ಲಿ ತಪ್ಪದೆ ಕೇಳುವ ಪ್ರಶ್ನೆ, ‘ಕ್ಯಾಪ್ಸೂಲಿನ ಕವಚ ಜಿಲಾಟಿನ್ನಿನದೇ?’ ಎಂಬುದು. ಜಿಲಾಟಿನ್ ಪ್ರಾಣಿಗಳ ಮೂಳೆ, ಚರ್ಮಗಳಿಂದ ಬರುವುದರಿಂದ ಪ್ರಶ್ನೆ ಸಾಧುವಾದದ್ದು. ಸಸ್ಯಮೂಲದ ಕವಚಕ್ಕಾಗಿ ಮೇನಕಾ ಗಾಂಧಿಯವರು ಕೇಂದ್ರ ಸಚಿವೆಯಾಗಿದ್ದಾಗ ಒತ್ತಾಯಿಸಿದಾಗ ಜೈನ ಸಮಾಜದಿಂದಲೂ ಬೆಂಬಲ ಬಂದಿತ್ತು. ಆದರೆ ಕವಚದ ಬಗೆಗೆ ಇಷ್ಟು ಎಚ್ಚರವಿರುವ ಗ್ರಾಹಕ ಕವಚದೊಳಗಿನ ಪುಡಿಯ ಬಗೆಗೆ ‘ಇದು ಪ್ರತಿಜೀವಕವೇ? ಎಷ್ಟು ದಿನ ಸೇವಿಸಬೇಕು?’ ಎಂದು ಕೇಳುವುದು ಅಪರೂಪ. ಅಹಿಂಸೆಯ ಲೆಕ್ಕ ಕವಚಕ್ಕೆ ನಿಲ್ಲುವಂಥದಲ್ಲ. ದನಗಳಿಗೆ ಯದ್ವಾತದ್ವಾ ಚುಚ್ಚಿದ ಡೈಕ್ಲೊಫೆನಾಕ್ ಎಂಬ ಸಾಮಾನ್ಯ ನೋವುನಿವಾರಕದಿಂದ ಭಾರತದ ರಣಹದ್ದುಗಳು ನಿರ್ನಾಮದ ಅಂಚಿಗೆ ಬಂದವು. ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಮರದಿಂದ ಉದುರಿಬಿದ್ದವು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಮನುಷ್ಯರ ಹೆಸರಿನಲ್ಲಿ ಮಾರುವ ದೊಡ್ಡ ಬಾಟಲಿಗಳು ಚೀಟಿಯಿಲ್ಲದೆ ಹಟ್ಟಿ ಸೇರುವುದು ನಿಲ್ಲದಿದ್ದುದರಿಂದ 2015ರಲ್ಲಿ ಅವನ್ನೂ ತಡೆದು ಮೂರು ಮಿಲಿಲೀಟರಿಗೆ ಮಿತಿ ಹಾಕಬೇಕಾಯಿತು. ಒಂದು ಅಗ್ಗದ ಇಂಜೆಕ್ಷನ್ನು ಕೈಗೆ ಸುಲಭವಾಗಿ ಸಿಕ್ಕಿದ್ದಕ್ಕೆ ಲಕ್ಷಾಂತರ ಪಂಚೇಂದ್ರಿಯ ಜೀವಗಳು ಬೆಲೆ ತೆತ್ತವು. ಕಾರ್ಖಾನೆಗಳ ತ್ಯಾಜ್ಯದಲ್ಲಿ ಪ್ರತಿಜೀವಕಗಳ ಅಂಶಕ್ಕೆ ಮಿತಿ ಹಾಕುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಪ್ರಕಟಿಸಿ, 2021ರ ಅಂತಿಮ ನಿಯಮದಲ್ಲಿ ಆ ಮಿತಿಗಳನ್ನೇ ಕೈಬಿಟ್ಟಿತು. ಜಲಕಾಯ ಜೀವಗಳ ವಿಷಯದಲ್ಲಿ ಸೋಸಿ ಕುಡಿಯುವ ವ್ರತವುಳ್ಳ ಸಮಾಜದಿಂದ ಅಂದು ಒಂದು ಪ್ರತಿಭಟನೆಯ ಪತ್ರವಾದರೂ ಹೋಗಬೇಕಿತ್ತು.

ಔಷಧ ವ್ಯಾಪಾರದಲ್ಲಿ ಜೈನ ಕುಟುಂಬಗಳೂ ಗಣನೀಯವಾಗಿವೆ. ಅವರಿಗೆ ಕಾಯ್ದೆಯ ಪುಸ್ತಕಕ್ಕಿಂತ ಮೊದಲೇ ಕಾಯ್ದೆ ಹೇಳಿದವರಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಐದು ಅತಿಚಾರಗಳನ್ನು ಎಣಿಸುವಾಗ ‘ವಿರುದ್ಧರಾಜ್ಯಾತಿಕ್ರಮ’, ‘ಪ್ರತಿರೂಪಕವ್ಯವಹಾರ’ ಎಂಬ ಎರಡೂ ಬರುತ್ತವೆ. ಮೊದಲನೆಯದನ್ನು ರಾಜ್ಯದ ನಿಯಮ ಮೀರಿದ ವ್ಯವಹಾರಕ್ಕೂ ಎರಡನೆಯದನ್ನು ನಕಲಿ ಪದಾರ್ಥದ ಮಾರಾಟಕ್ಕೂ ಅನ್ವಯಿಸಿ ಹೇಳುವುದು ರೂಢಿ. ಎಚ್1 ಔಷಧವನ್ನು ಚೀಟಿಯಿಲ್ಲದೆ ಮಾರಿ ರಿಜಿಸ್ಟರಿನಲ್ಲಿ ಕಲ್ಪಿತ ರೋಗಿಯ ಹೆಸರು ಬರೆಯುವುದು ಯಾವ ಅತಿಚಾರವೆಂದು ಪ್ರವಚನದಲ್ಲಿ ಕೇಳಿದರೆ ಉತ್ತರ ಕೊಡಲು ಕಷ್ಟವಾಗಲಾರದು. ಅಂಗಡಿಯವರ ವಾದವೂ ಗೊತ್ತಿರುವಂಥದೇ: ‘ಇಲ್ಲಿ ಕೊಡದಿದ್ದರೆ ಪಕ್ಕದಂಗಡಿಯಲ್ಲಿ ಕೊಳ್ಳುತ್ತಾನೆ, ಈಗಂತೂ ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾನೆ.’ ಇದರಲ್ಲಿ ಸತ್ಯಾಂಶವಿದೆ. ಆನ್‌ಲೈನ್ ಔಷಧ ಮಾರಾಟಕ್ಕೆ 2018ರ ಆಗಸ್ಟಿನಲ್ಲಿ ಕರಡು ನಿಯಮ ಹೊರಟಿತು. ಅದು ಅಂತಿಮವಾಗುವ ಮೊದಲೇ, ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ ಮನೆಬಾಗಿಲಿಗೆ ತಲುಪಿಸಲು ತಾತ್ಕಾಲಿಕ ಅನುಮತಿ ದೊರೆಯಿತು. ಆ ಬಾಗಿಲಿನಿಂದ ದೊಡ್ಡ ಬಂಡವಾಳದ ಕಂಪನಿಗಳು ಒಳಬಂದವು. ಸಣ್ಣ ಅಂಗಡಿಯವನ ಸಿಟ್ಟು ನ್ಯಾಯವಾದದ್ದು. ಆದರೆ ಯಂತ್ರಕ್ಕಿಂತ ತಾನು ಮೇಲು ಎಂದು ತೋರಿಸಲು ಅವನ ಬಳಿ ಉಳಿದಿರುವುದು ಒಂದೇ: ಗಿರಾಕಿಯ ಮುಖ ನೋಡಿ ‘ಈ ಜ್ವರ ಮೂರು ದಿನದ್ದು, ಡಾಕ್ಟರಿಗೆ ತೋರಿಸಿ’ ಎನ್ನುವ ಅನುಭವಸ್ಥ ಫಾರ್ಮಸಿಸ್ಟ್. 1948ರ ಫಾರ್ಮಸಿ ಕಾಯ್ದೆಯ 42ನೆಯ ಕಲಮಿನ ಪ್ರಕಾರ ಚೀಟಿಯ ಔಷಧವನ್ನು ಕೊಡಬೇಕಾದವನೂ ಅವನೇ. ಎಷ್ಟೋ ಅಂಗಡಿಗಳಲ್ಲಿ ಅವನ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ, ಅವನು ಇರುವುದಿಲ್ಲ.

ಆದುದರಿಂದ ಕೌಂಟರನ್ನು ಮುಚ್ಚಿಸುವುದು ಪರಿಹಾರವಲ್ಲ. ವೈದ್ಯನಿಲ್ಲದ ಕಡೆ ಚೀಟಿಯನ್ನು ಕಡ್ಡಾಯ ಮಾಡಿದರೆ ಬಡವನಿಗೆ ಜ್ವರದ ಗುಳಿಗೆಯೂ ತಪ್ಪೀತು. ಹದಿನಾರರ ಪಟ್ಟಿಯನ್ನು ಅಂತಿಮಗೊಳಿಸಿ ಆ ಔಷಧಗಳನ್ನು ಬಹಿರಂಗವಾಗಿ, ಇಡೀ ಸ್ಟ್ರಿಪ್ಪಿನಲ್ಲಿ, ರಾಜ್ಯಭಾಷೆಯ ಸೂಚನೆಯೊಡನೆ ಮಾರಲು ಬಿಡಬೇಕು. ಪ್ರತಿಜೀವಕ, ಸ್ಟೀರಾಯ್ಡ್, ಕೊಡೀನ್ ಸಿರಪ್ಪುಗಳ ಮೇಲೆ ಮಾತ್ರ ಇನ್‌ಸ್ಪೆಕ್ಟರನ ಕಣ್ಣು ನೆಟ್ಟಿರಬೇಕು. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಶೀತದ ಒಂದು ಸಂಯುಕ್ತ ಔಷಧ ಬೇಡವೆಂದು 2023ರ ಡಿಸೆಂಬರಿನಲ್ಲಿ ಕೇಂದ್ರ ಔಷಧ ನಿಯಂತ್ರಕರು ಲೇಬಲ್ಲಿನಲ್ಲಿ ಮುದ್ರಿಸಲು ಆದೇಶಿಸಿದರು; ಲೇಬಲ್ಲು ಓದಲಾಗದ ತಾಯಿಗೆ ಆ ಆದೇಶ ತಲುಪಿದ್ದೆಲ್ಲಿ? ಮಹಾರಾಷ್ಟ್ರ ಸರ್ಕಾರ 2023ರ ಮೇ 1ರಿಂದ ರಾಜ್ಯಾದ್ಯಂತ ವಿಸ್ತರಿಸಿದ ‘ಆಪ್ಲಾ ದವಾಖಾನಾ’ ಯೋಜನೆ ಈ ಚಿತ್ರವನ್ನು ಬದಲಾಯಿಸಬಲ್ಲದು. ಆದರೆ ದವಾಖಾನೆ ಎಂಐಡಿಸಿಯ ಗೇಟಿನ ಬಳಿ ಇರಬೇಕು, ಪಾಳಿ ಬದಲಾಗುವ ಹೊತ್ತಿಗೆ ತೆರೆದಿರಬೇಕು. ಅಲ್ಲಿನ ಕೆಮ್ಮಿನ ರಿಜಿಸ್ಟರು ಪ್ರತಿ ತಿಂಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಹೋಗಬೇಕು. ಕಾಯಿಲೆಯ ಮೊದಲೆರಡು ದಿನಗಳ ಕೂಲಿಯ ಪ್ರಶ್ನೆಯನ್ನು ಕಾರ್ಮಿಕ ಸಂಘಟನೆಗಳು ಬೋನಸ್ಸಿನಷ್ಟೇ ಗಟ್ಟಿಯಾಗಿ ಕೇಳಬೇಕು. ಪಾಲಿಕೆಯ ಚುನಾವಣೆಯಲ್ಲಿ ಮತ ಕೇಳಲು ಬರುವವರ ಮುಂದೆ ಇದನ್ನಿಡುವುದು ಡೊಂಬಿವಲಿಯ ನಾಗರಿಕರಿಗೆ, ಅಲ್ಲಿ ಮನೆ ಮಾಡಿರುವ ಕನ್ನಡಿಗರಿಗೂ, ಕಷ್ಟದ ಕೆಲಸವಲ್ಲ.

ಸಮಾಜದ ಶಿಬಿರಗಳಿಗೆ ಸಂಬಂಧಿಸಿದಂತೆ ಯಾರ ಅನುಮತಿಗೂ ಕಾಯಬೇಕಿಲ್ಲ. ಬರುವ ಜಯಂತಿಯ ಶಿಬಿರದಲ್ಲಿ ಅರ್ಧ ಸ್ಟ್ರಿಪ್ಪುಗಳ ಸಂಗ್ರಹವನ್ನು ನಿಲ್ಲಿಸಬಹುದು. ಒಬ್ಬ ಫಾರ್ಮಸಿಸ್ಟ್ ಪ್ರತ್ಯೇಕ ಮೇಜಿನಲ್ಲಿ ಕುಳಿತು, ಬಂದವರು ಮನೆಯಿಂದ ತಂದ ಗುಳಿಗೆಗಳನ್ನೆಲ್ಲ ಹರಡಿ, ಯಾವುದು ಯಾವುದರ ಪುನರಾವೃತ್ತಿ, ಯಾವುದರ ಅವಧಿ ಮುಗಿದಿದೆ ಎಂದು ಅವರ ಭಾಷೆಯಲ್ಲಿ ಹೇಳಬಹುದು. ಇನ್ನೂರು ಜನರ ಬದಲು ನಲವತ್ತೇ ಜನರನ್ನು ನೋಡಿದರೂ ಆದೀತು, ಪ್ರತಿಯೊಬ್ಬರಿಗೂ ಪೂರ್ಣಾವಧಿಯ ಔಷಧವನ್ನೂ ಬರೆದ ಚೀಟಿಯನ್ನೂ ಕೊಡುವುದಾದರೆ. ಬೆಲೆಯ ಚಿಂತೆಯಿದ್ದರೆ ಜನೌಷಧಿ ಕೇಂದ್ರಗಳಿವೆ. 2008ರಲ್ಲಿ ಶುರುವಾದ ಆ ಯೋಜನೆಯ ಕೇಂದ್ರಗಳು 2025ರ ಹೊತ್ತಿಗೆ ದೇಶದಲ್ಲಿ ಹದಿನೈದು ಸಾವಿರ ಮುಟ್ಟಿವೆ. ಫಲಕದ ಮೇಲೆ ದಾನಿಗಳ ಹೆಸರು ಬರೆಯುವ ಜಾಗದಲ್ಲಿ ಯಾವ ಗುಳಿಗೆಯನ್ನು ಚೀಟಿಯಿಲ್ಲದೆ ನುಂಗಬಾರದೆಂದು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದರೆ ದಾನಿಗಳು ಬೇಸರಿಸಲಾರರು.

ಎಂಐಡಿಸಿಯಲ್ಲಿ ಡಿಸ್ಪೆನ್ಸರಿಯ ಬಾಗಿಲು ಮುಚ್ಚಿದ ಮೇಲೂ ಔಷಧದಂಗಡಿಯ ದೀಪ ಉರಿಯುತ್ತಿರುತ್ತದೆ. ರಾತ್ರಿ ಪಾಳಿಗೆ ಹೊರಟವನು ಅಲ್ಲಿ ನಿಂತು ‘ಖೋಕ್ಲಾ’ ಎನ್ನುತ್ತಾನೆ. ಹುಡುಗ ಮೇಲಿನ ಹಲಗೆಯಿಂದ ಬಾಟಲಿ ತೆಗೆಯುತ್ತಾನೆ. ಕೆಮ್ಮು ಎಷ್ಟು ದಿನದ್ದು ಎಂದು ಅವನೂ ಕೇಳುವುದಿಲ್ಲ, ಇವನೂ ಹೇಳುವುದಿಲ್ಲ.